ಪ್ರಿಂಟರ್ ಮೇಲೆ ಉಳಿದ ಹಾಳೆ

ಕಳೆದ ಬುಧವಾರ ಬೆಳಿಗ್ಗೆ ಹನ್ನೊಂದು ಮುಕ್ಕಾಲಿಗೆ ಒಂದು ಫೋನ್ ಬಂತು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯ ಹುಡುಗ. ನಾನು ಬಿಡುವ ವರ್ಷ ಟ್ರೈನಿಯಾಗಿ ಸೇರಿದ್ದ. "ಸಾರ್, ನಿಮ್ಮ ಕಡೆ ಏನಾದ್ರೂ ಓಪನಿಂಗ್ ಇದ್ಯಾ? ರೆಸ್ಯೂಮೆ ಈಗ್ಲೇ ಮೇಲ್ ಮಾಡ್ತೀನಿ" ಅಂದ. ನಂಬರ್ ನೋಡಿದೆ. ಪರ್ಚೇಸ್ ವಿಭಾಗದ ಮೇಜಿನ ಮೇಲಿನ ಫೋನು. ಆರೂವರೆ ವರ್ಷಕ್ಕೂ ಜಾಸ್ತಿ ನಾನೂ ಅದರಲ್ಲೇ ಮಾತಾಡಿದವನು. ಆ ನಂಬರ್ ಮರೆಯುವುದಿಲ್ಲ. ಅವನ ಹಿಂದೆ ಯಾರೋ ಜೋರಾಗಿ ರೇಟು ಮಾತಾಡುವುದೂ ಕೇಳಿಸುತ್ತಿತ್ತು.

"ಈಗ ಬೇಡ. ಸಂಜೆ ನಿನ್ನ ಸ್ವಂತ ಫೋನಿಂದ ಮಾಡಪ್ಪ" ಅಂತ ಹೇಳಿ ಇಟ್ಟುಬಿಟ್ಟೆ.

ಸಂಜೆ ಅವನ ಫೋನ್ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಬೇಜಾರು ಮಾಡಿಕೊಂಡಿದ್ದಾನೆ ಅಂತ ಗೊತ್ತಾಯಿತು. ಕೊನೆಗೆ ನಾನೇ ಮಾಡಿ, ಭಾನುವಾರ ಮನೆಗೆ ಬಾ ಅಂದೆ. ಅವನಿಗೆ ಏನೇನು ಹೇಳಬೇಕು ಅಂತ ಯೋಚಿಸುತ್ತಾ ಕೂತಾಗ 2019ರ ಒಂದು ಮಧ್ಯಾಹ್ನ ನೆನಪಾಯಿತು.

ನಾನು 2016ರ ಜೂನ್‌ನಲ್ಲಿ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿಗೆ ಸೇರಿದೆ. ವಾಹನಗಳ ಬಿಡಿಭಾಗ ಮಾಡುವ ಕಂಪನಿ. ನನ್ನದು ಪರ್ಚೇಸ್ ಕೆಲಸ. ಕಚ್ಚಾ ಮಾಲು, ಬೋಲ್ಟು, ರಬ್ಬರ್ ಸೀಲು, ಪ್ಯಾಕಿಂಗ್ ಡಬ್ಬ, ಎಲ್ಲಕ್ಕೂ ಕೊಟೇಶನ್ ತರಿಸುವುದು, ಆರ್ಡರ್ ಹಾಕುವುದು, ಮಾಲು ಬಂತಾ ಅಂತ ನೋಡುವುದು. ಕೆಲಸ ಚೆನ್ನಾಗಿತ್ತು. ಮೂರು ವರ್ಷ ಆದ ಮೇಲೆ, ಹೊರಗೆ ನನಗೆ ಎಷ್ಟು ಬೆಲೆ ಇದೆ ಅಂತ ತಿಳಿಯುವ ಆಸೆ ಹುಟ್ಟಿತು. ಬಿಡಬೇಕು ಅಂತ ತೀರ್ಮಾನ ಮಾಡಿರಲಿಲ್ಲ. ನೋಡೋಣ ಅಂತ ಅಷ್ಟೆ.

ಒಂದು ದಿನ ಊಟದ ಹೊತ್ತಿನಲ್ಲಿ ಆಫೀಸ್ ಪ್ರಿಂಟರಿನಲ್ಲಿ ರೆಸ್ಯೂಮೆ ಪ್ರಿಂಟ್ ಹಾಕಿದೆ. ಎರಡು ಪುಟ. ಹಾಳೆ ಮುಗಿದಿತ್ತು. ಒಂದೇ ಪುಟ ಬಂತು. ಅಷ್ಟರಲ್ಲಿ ಗೇಟಿನಿಂದ ಕರೆ ಬಂದು, ಒಂದು ಲಾರಿ ಮಾಲಿನ ವಿಷಯಕ್ಕೆ ಓಡಿದೆ. ಎರಡನೇ ಪುಟ ನನ್ನ ತಲೆಯಿಂದಲೇ ಹೋಯಿತು. ಯಾರೋ ಪ್ರಿಂಟರಿಗೆ ಹಾಳೆ ತುಂಬಿದರು. ಪುಟ ಹೊರಗೆ ಬಂತು. ನನ್ನ ಹೆಸರು, ಓದಿದ್ದು, 'ನಿರೀಕ್ಷಿಸುವ ಸಂಬಳ' ಎಲ್ಲ ಇದ್ದದ್ದು ಆ ಪುಟದಲ್ಲೇ.

ನಾಲ್ಕು ಗಂಟೆಗೆ ನಮ್ಮ ಅಟೆಂಡರ್ ಅಣ್ಣ ಟೀ ಜೊತೆ ಆ ಹಾಳೆಯನ್ನು ಮಡಚಿ ತಂದು ಕೈಗೆ ಕೊಟ್ಟರು. "ಮ್ಯಾನೇಜರ್ ಸಾಹೇಬ್ರು ಕೊಡು ಅಂದ್ರು" ಅಂದರು. ಅಷ್ಟೇ. ಯಾರೂ ಬೈಯಲಿಲ್ಲ, ಕರೆದು ಕೇಳಲೂ ಇಲ್ಲ.

ಆ ವರ್ಷ ಹೊಸ ಸಾಫ್ಟ್‌ವೇರ್ ತರಬೇತಿಗೆ ನಮ್ಮ ವಿಭಾಗದಿಂದ ಒಬ್ಬರನ್ನು ಕಳಿಸುವುದಿತ್ತು. ನನ್ನ ಹೆಸರೇ ಇತ್ತು. ಆಮೇಲೆ ಇನ್ನೊಬ್ಬರು ಹೋದರು. ದೊಡ್ಡ ಸಪ್ಲೈಯರುಗಳ ಮೀಟಿಂಗಿಗೆ ನನ್ನನ್ನು ಕರೆಯುವುದು ನಿಧಾನವಾಗಿ ನಿಂತಿತು. ಮ್ಯಾನೇಜರ್ ಕೆಟ್ಟವರಲ್ಲ. ಅವರ ಜಾಗದಲ್ಲಿ ನಿಂತು ನೋಡಿದರೆ ಲೆಕ್ಕ ಸರಿಯಾಗೇ ಇದೆ. ಹೋಗುವವನ ಮೇಲೆ ಯಾಕೆ ಖರ್ಚು ಮಾಡಬೇಕು? ಆದರೆ ನಾನು ಹೋಗುವವನೇ ಆಗಿರಲಿಲ್ಲ. ನನ್ನ ಮನಸ್ಸಿನಲ್ಲಿ ಅರ್ಧ ಬೆಂದ ಒಂದು ಯೋಚನೆ ಇತ್ತು. ಅದು ಹೊರಗೆ ಬಿದ್ದ ಗಳಿಗೆಯಲ್ಲಿ ಬೇರೆಯವರು ಅದನ್ನು ತೀರ್ಮಾನ ಅಂತ ಓದಿಕೊಂಡರು. ಆಮೇಲೆ ನಾನು ಅಲ್ಲೇ ಮೂರೂವರೆ ವರ್ಷ ಇದ್ದೆ. ಮೊದಲಿನ ಹಾಗೆ ಆಗಲು ಹತ್ತಿರಹತ್ತಿರ ಎರಡು ವರ್ಷ ಹಿಡಿಯಿತು.

ಅಪ್ಪನಿಗೆ ಇದನ್ನು ಹೇಳಿದಾಗ ಅವರ ಮುಖ ಗಂಭೀರವಾಯಿತು. ಅವರು ಒಂದೇ ಕಡೆ ಮೂವತ್ತೊಂದು ವರ್ಷ ದುಡಿದವರು. "ಉಂಡ ಮನೆ ಜಂತೆ ಎಣಿಸಬಾರದು ಕಣಪ್ಪ" ಅಂದರು. ಆ ಮಾತು ತುಂಬಾ ದಿನ ಕಾಡಿತು. ಸಂಬಳ ಕೊಡುವ ಕಡೆ ಕೂತು ಇನ್ನೊಂದು ಕಡೆ ನೋಡುವುದು ದ್ರೋಹವಾ?

ಇದಕ್ಕೆ ಉತ್ತರ ಸಿಕ್ಕಿದ್ದು ಅಮ್ಮನಿಂದ. ನಮ್ಮ ಅಕ್ಕನಿಗೆ ಗಂಡು ನೋಡುವಾಗ ಅಮ್ಮ ಪಕ್ಕದ ಮನೆಯವರಿಗೂ ಹೇಳುತ್ತಿರಲಿಲ್ಲ. "ಕೂಡಿ ಬರೋವರ್ಗೂ ಬಾಯಿ ಬಿಡಬಾರದು" ಅನ್ನುತ್ತಿದ್ದರು. ಅದರಲ್ಲಿ ಕಳ್ಳತನ ಏನೂ ಇರಲಿಲ್ಲ. ಇನ್ನೂ ಆಗದ ಮಾತನ್ನು ಆಗಿಹೋಗಿದೆ ಅಂತ ಊರು ಆಡಬಾರದು ಅನ್ನುವ ಎಚ್ಚರ ಅಷ್ಟೆ. ಬಾಡಿಗೆ ಮನೆ ಹುಡುಕುವಾಗಲೂ ನಾವು ಹೀಗೇ ಮಾಡುತ್ತೇವೆ ಅಲ್ವಾ? ಹೊಸ ಮನೆಗೆ ಅಡ್ವಾನ್ಸ್ ಕೊಡುವವರೆಗೂ ಈಗಿನ ಓನರ್ ಹತ್ತಿರ ಮಾತೆತ್ತುವುದಿಲ್ಲ. ಬಾಡಿಗೆಯನ್ನಂತೂ ಐದನೇ ತಾರೀಕಿನೊಳಗೆ ಕೊಟ್ಟೇ ಕೊಡುತ್ತೇವೆ. ಆ ಎರಡನೆಯ ಮಾತು ಮುಖ್ಯ. ಹೊಸ ಮನೆ ಹುಡುಕುತ್ತಿದ್ದೇನೆ ಅಂತ ಈ ಮನೆಯ ಬಾಡಿಗೆ ನಿಲ್ಲಿಸಿದರೆ, ಅಥವಾ ಈ ಮನೆಯ ಫ್ಯಾನ್ ಬಿಚ್ಚಿಕೊಂಡು ಹೋದರೆ, ಆಗ ಅಪ್ಪ ಹೇಳಿದ್ದು ನಿಜವಾಗುತ್ತದೆ.

ಈ ಎಚ್ಚರ ಮೈಸೂರಿನಲ್ಲಿ ಇನ್ನೂ ಜಾಸ್ತಿ ಬೇಕು. ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ಕೂರ್ಗಳ್ಳಿ, ಇತ್ತ ನಂಜನಗೂಡು. ನಕ್ಷೆಯಲ್ಲಿ ಬೇರೆ ಬೇರೆ ಕಂಡರೂ ಪರ್ಚೇಸ್‌ನವರಿಗೆ ಅದು ಒಂದೇ ಬೀದಿ. ನನಗೆ ಬೋಲ್ಟ್ ಕೊಡುವವರೇ ಪಕ್ಕದ ಕಂಪನಿಗೂ ಕೊಡುತ್ತಾರೆ. ಅವರು ಬೆಳಿಗ್ಗೆ ಇಲ್ಲಿ ಟೀ ಕುಡಿದು ಮಧ್ಯಾಹ್ನ ಅಲ್ಲಿ ಕೂತಿರುತ್ತಾರೆ. ಒಬ್ಬರು ಇಂಟರ್‌ವ್ಯೂಗೆ ಬಂದಿದ್ದರು ಅನ್ನುವ ಸುದ್ದಿ ಮಾಲಿನ ಗಾಡಿಗಿಂತ ಮುಂಚೆ ತಲುಪುತ್ತದೆ. ಸಪ್ಲೈಯರುಗಳಿಗೆ ಹೊಟ್ಟೆಕಿಚ್ಚು ಅಂತಲ್ಲ. ಮಾತಾಡುವುದೇ ಅವರ ವ್ಯಾಪಾರ.

ಕಂಪನಿ ಬಸ್ಸಂತೂ ಇನ್ನೂ ಕಷ್ಟ. ಸಂಜೆ ಆರಕ್ಕೆ ಬಸ್ ಹತ್ತಿದರೆ ವಿಜಯನಗರ, ಪಡುವಾರಹಳ್ಳಿ ದಾಟಿ ನಮ್ಮ ಕಡೆ ಬರುವವರೆಗೆ ಹಿಂದೆ ಮುಂದೆ ಎಲ್ಲಾ ನಮ್ಮವರೇ. ಕೆಲಸ ಕೊಡಿಸುವ ಕನ್ಸಲ್ಟೆನ್ಸಿಯವರು ಫೋನ್ ಮಾಡುವುದೂ ಆ ಹೊತ್ತಿಗೇ. "ಹೂಂ, ನೋಟಿಸ್ ಪೀರಿಯಡ್ ಎರಡು ತಿಂಗಳು" ಅಂತ ಎಷ್ಟು ಮೆಲ್ಲಗೆ ಹೇಳಿದರೂ ಬಸ್ಸಿನಲ್ಲಿ ಅದು ಎಲ್ಲರಿಗೂ ಕೇಳುತ್ತದೆ.

2022ರ ದಸರಾ ಮುಗಿದ ಮೇಲೆ ನಾನು ಎರಡನೇ ಸಲ ಹುಡುಕಲು ಶುರು ಮಾಡಿದೆ. ಆಗ ನಿಜವಾಗಿಯೂ ಬಿಡುವ ಮನಸ್ಸಿತ್ತು. ಮಗಳು ಸ್ಕೂಲಿಗೆ ಸೇರುವವಳಿದ್ದಳು. ಸಂಬಳ ನಿಂತಲ್ಲೇ ನಿಂತಿತ್ತು. ಈ ಸಲ ಮೊದಲು ಗೋಡೆ ಕಟ್ಟಿ ಆಮೇಲೆ ಹುಡುಕಿದೆ.

ಆಫೀಸ್ ಕಂಪ್ಯೂಟರನ್ನು ಇದಕ್ಕೆ ಮುಟ್ಟಲಿಲ್ಲ. ಬ್ರೌಸರಿನಲ್ಲಿ ಇನ್‌ಕಾಗ್ನಿಟೊ ಅನ್ನುವ ಗುಟ್ಟಿನ ಕಿಟಕಿ ತೆರೆದರೆ ಯಾರಿಗೂ ಗೊತ್ತಾಗಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಅದು ಆ ಕಂಪ್ಯೂಟರಿನ ಹಿಸ್ಟರಿಯಲ್ಲಿ ಉಳಿಯುವುದಿಲ್ಲ, ಅಷ್ಟೆ. ಕಂಪನಿಯ ನೆಟ್‌ವರ್ಕ್ ಮೂಲಕ ಯಾವ ಸೈಟಿಗೆ ಹೋದಿರಿ ಅನ್ನುವುದು ಆ ಕಡೆ ದಾಖಲಾಗಬಹುದು. ಸ್ವಂತ ಫೋನೇ ಆದರೂ ಆಫೀಸ್ ವೈಫೈಗೆ ಸೇರಿಸಿದರೆ ಅದೇ ಕಥೆ. ಪ್ರಿಂಟ್ ಕೊಟ್ಟರೆ ಫೈಲಿನ ಹೆಸರು, ಯಾರು ಕೊಟ್ಟರು, ಎಷ್ಟು ಹೊತ್ತಿಗೆ, ಎಷ್ಟು ಪುಟ ಅನ್ನುವುದು ಎಷ್ಟೋ ಕಡೆ ಸರ್ವರಿನಲ್ಲಿ ಕೂತಿರುತ್ತದೆ. ಹಾಳೆ ಹರಿದು ಹಾಕಿದರೂ ಅದು ಹೋಗಲ್ಲ. ಚುನಾವಣೆಯಲ್ಲಿ ಬೆರಳಿಗೆ ಹಾಕುವ ಶಾಯಿ ನಮ್ಮ ಮೈಸೂರಿನದೇ ಅಲ್ವಾ, 1962ರ ಚುನಾವಣೆಯಿಂದ ಇಲ್ಲಿಂದಲೇ ಹೋಗುತ್ತಿದೆ. ಎಷ್ಟು ಉಜ್ಜಿದರೂ ಹೋಗದ ಆ ಗುರುತಿನ ಹಾಗೆ ಇದೂ.

ಇನ್ನೊಂದು ತಪ್ಪನ್ನು ಗೆಳೆಯನೊಬ್ಬ ಮಾಡಿದ್ದ. ಆಫೀಸ್ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದಿಟ್ಟು ಊಟಕ್ಕೆ ಹೋದ. ಕನ್ಸಲ್ಟೆನ್ಸಿಯವರ ಮೆಸೇಜು ಪರದೆಯ ಮೂಲೆಯಲ್ಲಿ ಬಂದು ಕೂತಿತು. ಅವನ ಪಕ್ಕದ ಕುರ್ಚಿಯವರು ಅದನ್ನು ಓದಲು ಕಷ್ಟಪಡಬೇಕಾಗಲಿಲ್ಲ.

ಹಾಗಾಗಿ ನಾನು ಹುಡುಕಾಟಕ್ಕೆ ಅಂತಲೇ ಒಂದು ಹೊಸ ಮೇಲ್ ಐಡಿ ಮಾಡಿಕೊಂಡೆ. ನನ್ನ ಫೋನು, ನನ್ನ ಡೇಟಾ, ರಾತ್ರಿ ಮಗಳು ಮಲಗಿದ ಮೇಲೆ ಒಂದು ಗಂಟೆ. ಪ್ರಿಂಟಿಗೆ ಅಗ್ರಹಾರದ ಜೆರಾಕ್ಸ್ ಅಂಗಡಿ. ಕೆಲಸ ಹುಡುಕುವ ಸೈಟ್ ನೌಕ್ರಿಯಲ್ಲಿ ಈಗಿನ ಕಂಪನಿಯನ್ನು ಬ್ಲಾಕ್ ಮಾಡುವ ಸೆಟ್ಟಿಂಗ್ ಇದೆ. ಅದನ್ನು ಮೊದಲು ಮಾಡಿದೆ. ಲಿಂಕ್ಡ್‌ಇನ್‌ನಲ್ಲಿ ಕೆಲಸ ಹುಡುಕುತ್ತಿದ್ದೇನೆ ಅಂತ ಹೇಳಲು ಎರಡು ದಾರಿ ಇವೆ. ಒಂದರಲ್ಲಿ ಫೋಟೋ ಸುತ್ತ ಹಸಿರು ಪಟ್ಟಿ ಬಂದು ಎಲ್ಲರಿಗೂ ಕಾಣುತ್ತದೆ. ಇನ್ನೊಂದರಲ್ಲಿ ರಿಕ್ರೂಟರುಗಳಿಗೆ ಮಾತ್ರ. ಈ ಎರಡನೆಯದರಲ್ಲೂ ನಿಮ್ಮ ಕಂಪನಿಯವರಿಗೆ ಕಾಣದಂತೆ ನೋಡಿಕೊಳ್ಳುತ್ತೇವೆ, ಆದರೆ ಪೂರ್ತಿ ಭರವಸೆ ಕೊಡಲಾಗದು ಅಂತ ಅವರೇ ಹೇಳುತ್ತಾರೆ. ನಾನು ಎರಡನ್ನೂ ಹಾಕಲಿಲ್ಲ. ಇನ್ನೂ ಒಂದು ವಿಷಯ. ಎರಡು ವರ್ಷ ಮುಟ್ಟದ ಪ್ರೊಫೈಲನ್ನು ಒಂದೇ ರಾತ್ರಿಯಲ್ಲಿ ಪೂರ್ತಿ ಹೊಸದು ಮಾಡಿದರೆ ಅದೇ ಒಂದು ಡಂಗುರ. ಬದಲಾವಣೆಯನ್ನು ಪರಿಚಯದವರಿಗೆ ತಿಳಿಸುವ ಗುಂಡಿಯನ್ನು ಆಫ್ ಮಾಡಿ, ವಾರಕ್ಕೆ ಒಂದೊಂದು ಸಾಲು ತಿದ್ದಿದೆ.

ರಜೆಯ ವಿಷಯದಲ್ಲಿ ನನಗೆ ಒಂದು ಹಟ ಇತ್ತು. ಸುಳ್ಳು ಹೇಳಬಾರದು. ಅಜ್ಜಿಗೆ ಹುಷಾರಿಲ್ಲ, ಮಗಳಿಗೆ ಜ್ವರ ಅಂತ ಬರೆಯುವುದು ಸುಲಭ. ಆದರೆ ಮಾರನೆಯ ದಿನ ಯಾರೋ ಪ್ರೀತಿಯಿಂದ "ಮಗು ಹೇಗಿದೆ?" ಅಂತ ಕೇಳುತ್ತಾರೆ. ಆ ಪ್ರೀತಿಗೆ ಇನ್ನೊಂದು ಸುಳ್ಳು ಹೇಳಬೇಕು. ಮಗುವಿನ ಹೆಸರಲ್ಲಿ ಅಂಥ ಮಾತು ಬಾಯಿಂದ ಬರುವುದೇ ನನಗೆ ಸರಿ ಕಾಣಲಿಲ್ಲ. 'ಸ್ವಂತ ಕೆಲಸ' ಅಂತ ಬರೆದೆ. ಅದು ನಿಜ. ಯಾರೂ ಅದಕ್ಕಿಂತ ಜಾಸ್ತಿ ಕೇಳಲಿಲ್ಲ. ಒಟ್ಟು ನಾಲ್ಕು ಕ್ಯಾಶುವಲ್ ರಜೆ ಹೋದವು. ಒಂದು ಬೆಂಗಳೂರಿನ ಇಂಟರ್‌ವ್ಯೂಗೆ. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ಸಿಗೆ ಹೋಗಿ ರಾತ್ರಿ ಬಂದೆ. ಆ ಕೆಲಸ ಆಗಲಿಲ್ಲ. ಅರ್ಧ ದಿನ ಆಫೀಸಿಗೆ ಬಂದು, ಅರ್ಧ ದಿನ ಇಂಟರ್‌ವ್ಯೂಗೆ ಹೋಗುವ ಸಾಹಸ ಮಾಡಲೇ ಇಲ್ಲ. ದಿನಾ ಯೂನಿಫಾರ್ಮ್ ಹಾಕುವವನು ಒಂದು ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದರೆ ಸೆಕ್ಯುರಿಟಿಯವರಿಗೇ ಅರ್ಥವಾಗುತ್ತದೆ.

ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದು ಕಡೆಯಿಂದ ಬರುತ್ತದೆ. ಒಂದು ಇಂಟರ್‌ವ್ಯೂನಲ್ಲಿ ಎಲ್ಲ ಚೆನ್ನಾಗಿ ನಡೆದಿತ್ತು. ಕೊನೆಗೆ ಎದುರಿಗಿದ್ದವರು ತುಂಬಾ ಸಲಿಗೆಯಿಂದ ಕೇಳಿದರು, "ಆ ರಬ್ಬರ್ ಸೀಲು ನೀವು ಯಾರ ಹತ್ರ ತಗೋತೀರಿ? ಪೀಸಿಗೆ ಎಷ್ಟು ಬೀಳುತ್ತೆ?" ನನ್ನ ಬಾಯಿಯ ತುದಿಯಲ್ಲಿ ಆ ಬೆಲೆ ಇತ್ತು. ಹೇಳಿದ್ದರೆ ಕೆಲಸ ಸಿಗುತ್ತಿತ್ತೇನೋ. "ಅದು ಆ ಕಂಪನಿಯ ವಿಷಯ ಸಾರ್, ನಾನು ಹೇಳೋ ಹಾಗಿಲ್ಲ. ನಿಮಗೆ ಬೇಕಾದರೆ ಬೆಲೆ ಇಳಿಸೋಕೆ ನಾನು ಹೇಗೆ ಕೆಲಸ ಮಾಡ್ತೀನಿ ಅಂತ ಹೇಳ್ತೀನಿ" ಅಂದೆ. ಅವರು ನಕ್ಕು ಸುಮ್ಮನಾದರು. ಅಲ್ಲಿಂದ ಮತ್ತೆ ಫೋನ್ ಬರಲಿಲ್ಲ. ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದೇ ಅಂತ ಆವತ್ತು ಅನ್ನಿಸಿತು. ಇನ್ನೊಂದು ಮನೆ ನೋಡುವುದರಲ್ಲಿ ತಪ್ಪಿಲ್ಲ. ಈ ಮನೆಯ ಒಳಗಿನದನ್ನು ಅಲ್ಲಿ ಹೇಳುವುದು ತಪ್ಪು.

ಕೆಲವರಿಗೆ ಇನ್ನೊಂದು ಭಯ ಇರುತ್ತದೆ. ಸೇರುವಾಗ 'ಬಿಟ್ಟ ಮೇಲೆ ಇದೇ ಕ್ಷೇತ್ರದ ಬೇರೆ ಕಂಪನಿಗೆ ಸೇರುವ ಹಾಗಿಲ್ಲ' ಅಂತ ಸಹಿ ಹಾಕಿಸಿಕೊಂಡಿರುತ್ತಾರೆ. ನಮ್ಮ 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಒಬ್ಬರು ನ್ಯಾಯವಾದ ಉದ್ಯೋಗ ಮಾಡದಂತೆ ತಡೆಯುವ ಕರಾರು ಅಷ್ಟರ ಮಟ್ಟಿಗೆ ನಿಲ್ಲುವುದಿಲ್ಲ. ಆದರೆ ಗುಟ್ಟು ಕಾಪಾಡುತ್ತೇನೆ ಅಂತ ಹಾಕಿದ ಸಹಿ ಬೇರೆ. ಅದು ಬಿಟ್ಟ ಮೇಲೂ ನಮ್ಮ ಜೊತೆ ಬರುತ್ತದೆ. ಆಫೀಸಿನ ರೇಟ್ ಪಟ್ಟಿಯನ್ನು ಸ್ವಂತ ಮೇಲಿಗೆ ಕಳಿಸಿಕೊಳ್ಳುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ನಮ್ಮದೇ ಆದ ಕಾಗದಗಳ ಮಾತು ಬೇರೆ. ಸಂಬಳದ ಚೀಟಿ, ಫಾರ್ಮ್ 16, ನೇಮಕದ ಪತ್ರ, ಇನ್‌ಕ್ರಿಮೆಂಟ್ ಪತ್ರಗಳು. ಇವನ್ನು ಹುಡುಕಾಟ ಶುರುವಾದ ಮೇಲೆ ಒಂದೇ ದಿನ ಎಲ್ಲಾ ಇಳಿಸಿಕೊಳ್ಳುವುದಲ್ಲ, ಪ್ರತಿ ತಿಂಗಳೂ ಮನೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಇರಬೇಕು. ರಾಜೀನಾಮೆ ಕೊಟ್ಟ ಮೇಲೆ ಲಾಗಿನ್ ಯಾವಾಗ ನಿಲ್ಲುತ್ತದೋ ಹೇಳಲಾಗದು. ಪಿಎಫ್‌ನ 12 ಅಂಕಿಯ ಯುಎಎನ್ ನಂಬರ್ ಕೆಲಸ ಬದಲಾದರೂ ಅದೇ ಇರುತ್ತದೆ. ಅದಕ್ಕೆ ಆಫೀಸ್ ಕೊಟ್ಟ ಸಿಮ್ ನಂಬರ್ ಜೋಡಿಸಿದ್ದರೆ ಬಿಡುವ ಮುಂಚೆ ಸ್ವಂತ ನಂಬರಿಗೆ ಬದಲಾಯಿಸಿ. ಒಟಿಪಿ ಬರುವುದು ಅದಕ್ಕೇ.

ಬಿಡುವಾಗ ಕಂಪನಿ ಕೊಡುವ ಗ್ರಾಚ್ಯುಟಿಯ ಲೆಕ್ಕವನ್ನೂ ಎಚ್ಆರ್ ಹತ್ತಿರ ಕೇಳಬೇಕಾಗಿಲ್ಲ. ಕೇಳಿದರೆ ಅದೇ ಸುಳಿವು. ನಾನು ಬಿಟ್ಟಾಗ ಜಾರಿಯಲ್ಲಿದ್ದ 1972ರ ಕಾಯ್ದೆಯಲ್ಲಿ ಐದು ವರ್ಷ ಸತತ ಸೇವೆ ಆಗಿರಬೇಕಿತ್ತು. ಕೊನೆಯ ತಿಂಗಳ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ್ದು ಸಿಗುತ್ತಿತ್ತು. ಬೇಸಿಕ್, ಡಿಎ ಸೇರಿ 20,800 ರೂಪಾಯಿ ಅಂತಿಟ್ಟುಕೊಳ್ಳಿ. ದಿನಕ್ಕೆ 800. ವರ್ಷಕ್ಕೆ 12,000. ಕೊನೆಯ ವರ್ಷದಲ್ಲಿ ಆರು ತಿಂಗಳಿಗಿಂತ ಜಾಸ್ತಿ ಆಗಿದ್ದರೆ ಅದನ್ನು ಪೂರ್ತಿ ವರ್ಷ ಅಂತ ಹಿಡಿಯುತ್ತಾರೆ. ನನ್ನದು ಆರು ವರ್ಷ ಎಂಟು ತಿಂಗಳು ಆಗಿದ್ದರಿಂದ ಏಳಕ್ಕೆ ಲೆಕ್ಕ ಬಂತು. ಅವಸರದಲ್ಲಿ ಮೂರು ತಿಂಗಳು ಮುಂಚೆ ಬಿಟ್ಟಿದ್ದರೆ ಒಂದು ವರ್ಷದ ದುಡ್ಡು ಹೋಗುತ್ತಿತ್ತು.

ಡಿಸೆಂಬರಿನಲ್ಲಿ ನಂಜನಗೂಡಿನ ಒಂದು ಕಂಪನಿಯವರು ಆಯ್ಕೆ ಮಾಡಿದರು. ಫೋನಿನಲ್ಲಿ "ಆಯ್ತು, ನೀವು ರಿಸೈನ್ ಮಾಡಿ" ಅಂದರು. ನಾನು ಪತ್ರ ಬಂದ ಮೇಲೆ ಮಾಡುತ್ತೇನೆ ಅಂದೆ. ಹತ್ತು ದಿನ ಆಯಿತು. ಆ ಹತ್ತು ದಿನ ನಿದ್ದೆ ಸರಿ ಬರಲಿಲ್ಲ, ಆದರೂ ಕಾದೆ. ಫಾರ್ಮಿನಲ್ಲಿ 'ಈಗಿನ ಕಂಪನಿಯನ್ನು ಸಂಪರ್ಕಿಸಬಹುದೇ?' ಅಂತ ಕೇಳುವ ಕಡೆ 'ರಾಜೀನಾಮೆ ಕೊಟ್ಟ ನಂತರ ಮಾತ್ರ' ಅಂತ ಬರೆದೆ. ಅವರು ಒಪ್ಪಿದರು. ಇದು ಎಲ್ಲ ಕಡೆ ನಡೆಯುವ ಮಾತೇ. ಕೇಳಲು ಸಂಕೋಚ ಬೇಡ.

ಇಷ್ಟೆಲ್ಲದರಲ್ಲಿ ನನಗೆ ತುಂಬಾ ಕಷ್ಟವಾದದ್ದು ಬೇರೆಯದೇ. ಸ್ಟೋರ್ಸ್ ವಿಭಾಗದಲ್ಲಿ ಒಬ್ಬ ಗೆಳೆಯ ಇದ್ದ. ಆರು ವರ್ಷ ಅವನ ಜೊತೆಯೇ ಊಟ. ನಮ್ಮನೆಯ ಹುಳಿ ಅವನಿಗೆ, ಅವನ ಮನೆಯ ರೊಟ್ಟಿ ನನಗೆ. ನನ್ನ ಅಪ್ಪನಿಗೆ ಆಪರೇಷನ್ ಆದಾಗ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಜೊತೆಗೆ ಕೂತವನು. ಅವನ ಹತ್ತಿರ ಎರಡೂವರೆ ತಿಂಗಳು ಇದನ್ನು ಮುಚ್ಚಿಟ್ಟೆ. ಹೆಂಡತಿಯೊಬ್ಬಳಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ಊಟ ಮಾಡುತ್ತಾ "ಮುಂದಿನ ವರ್ಷ ಇಬ್ರೂ ಸೇರಿ ಕಾರಿಗೆ ಪೆಟ್ರೋಲ್ ಹಾಕ್ಸೋಣ, ಬಸ್ ಬಿಟ್ಟುಬಿಡೋಣ" ಅಂದ. ನಾನು ತಲೆ ಆಡಿಸಿದೆ. ಆ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ರಾಜೀನಾಮೆ ಕೊಟ್ಟ ದಿನ, ಮ್ಯಾನೇಜರ್ ಕೋಣೆಯಿಂದ ಹೊರಬಂದು ನೇರ ಸ್ಟೋರ್ಸಿಗೆ ಹೋಗಿ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನಂಗೂ ಹೇಳ್ಬೇಕು ಅನ್ನಿಸ್ಲಿಲ್ವಾ?" ಅಂದ. ಅನ್ನಿಸಿತ್ತು. ದಿನಾ ಅನ್ನಿಸಿತ್ತು. ಹೇಳಿದ್ದರೆ, ನಮ್ಮ ಮ್ಯಾನೇಜರ್ ಅವನನ್ನು ಕೇಳಿದ ದಿನ ಅವನು ನನಗಾಗಿ ಸುಳ್ಳು ಹೇಳಬೇಕಾಗುತ್ತಿತ್ತು. ಇಲ್ಲವೇ ನಿಜ ಹೇಳಿ ನನ್ನ ಎದುರು ತಲೆ ತಗ್ಗಿಸಬೇಕಾಗುತ್ತಿತ್ತು. ಎರಡರಲ್ಲಿ ಯಾವುದನ್ನೂ ಅವನ ಮೇಲೆ ಹೊರಿಸಲು ಮನಸ್ಸಾಗಲಿಲ್ಲ. ಇದನ್ನು ಅವನಿಗೆ ಹೇಳಿದೆ. ಅರ್ಥವಾಯಿತು ಅಂದ. ಆದರೆ ಒಂದು ವಾರ ಬೇರೆ ಮೇಜಿನಲ್ಲಿ ಊಟ ಮಾಡಿದ. ಎಂಟನೇ ದಿನ ರೊಟ್ಟಿ ಡಬ್ಬಿ ಹಿಡಿದು ಬಂದು ಕೂತ. ಈಗಲೂ ನನಗೆ ಅದು ಪೂರ್ತಿ ಸರಿ ಅಂತ ಅನ್ನಿಸುವುದಿಲ್ಲ. ಮತ್ತೆ ಅದೇ ಪರಿಸ್ಥಿತಿ ಬಂದರೆ ಮತ್ತೆ ಹಾಗೇ ಮಾಡುತ್ತೇನೆ ಅಂತಲೂ ಗೊತ್ತು.

ನೋಟಿಸಿನ ಎರಡು ತಿಂಗಳು ಪೂರ್ತಿ ಕೆಲಸ ಮಾಡಿದೆ. ಯಾವ ಸಪ್ಲೈಯರ್ ಮಾತು ಉಳಿಸಿಕೊಳ್ಳುತ್ತಾರೆ, ಯಾರಿಗೆ ಎರಡು ದಿನ ಮುಂಚೆ ನೆನಪು ಮಾಡಬೇಕು, ಬಾಕಿ ಬಿಲ್ ಯಾವುವು, ಎಲ್ಲ ಬರೆದು ಆ ಟ್ರೈನಿ ಹುಡುಗನಿಗೆ ಕೊಟ್ಟೆ. 2023ರ ಫೆಬ್ರವರಿಯಲ್ಲಿ ಹೊರಟಾಗ ಮ್ಯಾನೇಜರ್ ಗೇಟಿನವರೆಗೆ ಬಂದರು.

ಮೊನ್ನೆ ಭಾನುವಾರ ಅದೇ ಹುಡುಗ ಮನೆಗೆ ಬಂದ. ಮುಖ ಇನ್ನೂ ಬಿಗಿಯಾಗಿತ್ತು. ಕಾಫಿ ಕುಡಿದ ಮೇಲೆ ಆ ಪ್ರಿಂಟರಿನ ಕಥೆ ಹೇಳಿದೆ. ಅವನು ಆ ಪ್ರಿಂಟರನ್ನೇ ದಿನಾ ಬಳಸುತ್ತಾನೆ. "ಅದ್ರಲ್ಲಿ ಈಗಲೂ ಹಾಳೆ ಬೇಗ ಮುಗಿಯುತ್ತೆ ಸಾರ್" ಅಂದ. ಆಮೇಲೆ ಪೆನ್ ಡ್ರೈವ್ ಕೊಟ್ಟ. ರೆಸ್ಯೂಮೆ ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ತೆರೆದೆವು. ಚೆನ್ನಾಗಿ ಬರೆದಿದ್ದ. ವರ್ಡ್ ಫೈಲಿನ ಪ್ರಾಪರ್ಟೀಸ್ ತೆಗೆದು ತೋರಿಸಿದೆ. ಬರೆದವರ ಹೆಸರಿನ ಜಾಗದಲ್ಲಿ ಅವನ ಆಫೀಸ್ ಲಾಗಿನ್ ಇತ್ತು. ಅದರ ಕೆಳಗೆ ಕಂಪನಿಯ ಹೆಸರು. ಫೈಲ್ ಹುಟ್ಟಿದ ಹೊತ್ತು ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷ.

ಅವನು ಅದನ್ನೇ ನೋಡುತ್ತಾ ಕೂತ. "ಇದನ್ನ ನಾಲ್ಕು ಕಡೆ ಕಳಿಸಿದೀನಿ ಸಾರ್" ಅಂದ.

"ಹೋಗಿದ್ದು ಹೋಯ್ತು ಬಿಡು" ಅಂದೆ. ಖಾಲಿ ಫೈಲೊಂದನ್ನು ತೆರೆದು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದೆ. ಅವನು ಕುರ್ಚಿ ಹತ್ತಿರ ಎಳೆದುಕೊಂಡು ಮೊದಲ ಸಾಲಿನಲ್ಲಿ ತನ್ನ ಹೆಸರು ಟೈಪ್ ಮಾಡಿದ.